ಜಿಂಕ್ ಮಾಡಿಸಿದ ಬೋಲ್ಟಿಗೆ ತುಕ್ಕೇ ಹಿಡಿಯದೇ?

ಹಳೆಯ ಬೈಕು, ಜೀಪು ಬಿಚ್ಚುವಾಗ ಎಂಜಿನ್‌ಗಿಂತ ಹೆಚ್ಚು ಸತಾಯಿಸುವುದು ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು-ಬೋಲ್ಟುಗಳು. ಇವುಗಳಿಗೆ, ಕ್ಲಾಂಪು-ಬ್ರಾಕೆಟ್‌ಗಳಿಗೆ ಸತುವಿನ (ಜಿಂಕ್) ಲೇಪನ ಒಳ್ಳೆಯ ರಕ್ಷೆ. ಆದರೆ ಇದರ ಬಗ್ಗೆ ಗ್ಯಾರೇಜುಗಳಲ್ಲಿ ಓಡಾಡುವ ನಂಬಿಕೆಗಳೆಲ್ಲ ನಿಜವಲ್ಲ.

ತಪ್ಪು ಕಲ್ಪನೆ: ಜಿಂಕ್ ಯಾವುದಾದರೇನು, ಎಲ್ಲ ಒಂದೇ.
ಸತ್ಯ: ಮುಖ್ಯವಾಗಿ ಎರಡು ವಿಧಾನಗಳಿವೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದು ಹಾಟ್ ಡಿಪ್. ಸಣ್ಣ ಭಾಗಗಳನ್ನು ಬುಟ್ಟಿಯಲ್ಲಿ ಅದ್ದಿ, ಗರಗರ ತಿರುಗಿಸಿ ಹೆಚ್ಚುವರಿ ಸತುವನ್ನು ಸಿಡಿಸುತ್ತಾರೆ. ಆಗಲೂ 40-50 ಮೈಕ್ರಾನ್‌ನಷ್ಟು ಪದರ ಉಳಿಯುತ್ತದೆ. ವಿದ್ಯುತ್ ಹರಿಸಿ ಮಾಡುವ ಪ್ಲೇಟಿಂಗ್‌ನ ಪದರ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಮಾತ್ರ. ಹಾಟ್ ಡಿಪ್ ಬಾಳಿಕೆ ಹೆಚ್ಚು. ಆದರೆ ಥ್ರೆಡ್ ದಪ್ಪವಾಗುವುದರಿಂದ ನಟ್ಟಿನ ಒಳಗನ್ನು ಕೊಂಚ ಅಗಲಿಸಬೇಕಾಗುತ್ತದೆ. ಸೂಕ್ಷ್ಮ ಅಳತೆಯ ಭಾಗಗಳಿಗೆ ಪ್ಲೇಟಿಂಗೇ ಸರಿ.

ತಪ್ಪು ಕಲ್ಪನೆ: ಗೀರು ಬಿದ್ದರೆ ಲೇಪನದ ಕಥೆ ಮುಗಿಯಿತು.
ಸತ್ಯ: ಬಣ್ಣದ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸರಿ, ಸತುವಿನ ವಿಷಯದಲ್ಲಿ ಅಲ್ಲ. ಸತು ಕಬ್ಬಿಣಕ್ಕಿಂತ ಬೇಗ ರಾಸಾಯನಿಕ ಕ್ರಿಯೆಗೆ ಒಳಗಾಗುವ ಲೋಹ. ನೀರು ತಾಗಿದಾಗ ಮೊದಲು ತಾನು ಸವೆದು ಪಕ್ಕದ ಉಕ್ಕನ್ನು ಕಾಯುತ್ತದೆ. ಸಣ್ಣ ಗೀರಿನಡಿ ಉಕ್ಕು ಬಯಲಾದರೂ ಸುತ್ತ ಸತು ಇರುವವರೆಗೆ ಅಲ್ಲಿ ತುಕ್ಕು ಸುಲಭವಾಗಿ ಏಳದು.

ತಪ್ಪು ಕಲ್ಪನೆ: ಹಾಗಾದರೆ ಒಮ್ಮೆ ಮಾಡಿಸಿದರೆ ಜೀವನಪರ್ಯಂತ ನಿಶ್ಚಿಂತೆ.
ಸತ್ಯ: ಕಾಯುತ್ತಲೇ ಸತು ಖರ್ಚಾಗುತ್ತದೆ. ಐಎಸ್‌ಒ 9223 ಮಾನಕದ ಪ್ರಕಾರ ಮಧ್ಯಮ ತುಕ್ಕಿನ ವಾತಾವರಣದಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ. ಉಪ್ಪುಗಾಳಿ ಬಲವಾಗಿರುವಂಥ ಅತಿ ತೀವ್ರ ವಾತಾವರಣದಲ್ಲಿ 4.2ರಿಂದ 8.4 ಮೈಕ್ರಾನ್. ಒಳನಾಡಿನಲ್ಲಿ ಹಲವು ವರ್ಷ ಬಾಳುವ 8 ಮೈಕ್ರಾನ್ ಪ್ಲೇಟಿಂಗ್ ಕಾರವಾರ, ಮಲ್ಪೆಯ ಕಡಲಂಚಿನಲ್ಲಿ ಒಂದೆರಡು ವರ್ಷದಲ್ಲೇ ಕರಗಬಹುದು.

ತಪ್ಪು ಕಲ್ಪನೆ: ಹಳದಿ ಹೊಳಪಿದ್ದರೆ ಪದರ ದಪ್ಪ.
ಸತ್ಯ: ಆ ಬಣ್ಣ ಸತುವಿನದಲ್ಲ, ಅದರ ಮೇಲೆ ಕೊಡುವ ತೆಳುವಾದ ಕ್ರೋಮೇಟ್ ಉಪಚಾರದ್ದು. ಸತುವಿಗೆ ಬಿಳಿ ಪುಡಿ ಕಟ್ಟುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಅಡಿಯ ಸತು ಎಷ್ಟು ದಪ್ಪವಿದೆಯೆಂದು ಬಣ್ಣ ನೋಡಿ ಹೇಳಲಾಗದು. ಮೈಕ್ರಾನ್ ಎಷ್ಟು ಎಂದೇ ಕೇಳಿ.

ತಪ್ಪು ಕಲ್ಪನೆ: ಗಟ್ಟಿ ಬೋಲ್ಟನ್ನು ಕಣ್ಣು ಮುಚ್ಚಿ ಪ್ಲೇಟಿಂಗ್‌ಗೆ ಕೊಡಬಹುದು.
ಸತ್ಯ: ಇದು ಪ್ರಾಣಕ್ಕೇ ಎರವಾಗಬಲ್ಲ ನಂಬಿಕೆ. ಆಮ್ಲದಲ್ಲಿ ತೊಳೆಯುವಾಗ, ಪ್ಲೇಟಿಂಗ್ ಮಾಡುವಾಗ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಸಾಧಾರಣ ಬೋಲ್ಟಿಗೆ ಇದರಿಂದ ಹಾನಿಯಿಲ್ಲ. ತಲೆಯ ಮೇಲೆ 10.9, 12.9 ಎಂದು ಬರೆದಿರುವ ಗಟ್ಟಿ ಬೋಲ್ಟುಗಳು, ಸ್ಪ್ರಿಂಗುಗಳು ಮಾತ್ರ ಇದರಿಂದ ಪೆಡಸಾಗಿ, ಬಿಗಿದ ಎಷ್ಟೋ ಹೊತ್ತಿನ ಮೇಲೆ ಸೂಚನೆಯಿಲ್ಲದೆ ತುಂಡಾಗಬಲ್ಲವು. ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವುದು ಅಪಾಯ ತಗ್ಗಿಸುವ ಕ್ರಮ. ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಬೋಲ್ಟುಗಳನ್ನು ಮರುಲೇಪನ ಮಾಡಿಸುವ ಬದಲು ಹೊಸದನ್ನೇ ಹಾಕಿಸಿ.

ತಪ್ಪು ಕಲ್ಪನೆ: ಹಾಲು ಕುಡಿದು ವೆಲ್ಡಿಂಗ್ ಮಾಡಿದರೆ ಸತುವಿನ ಹೊಗೆ ತಟ್ಟದು.
ಸತ್ಯ: ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಬಿಳಿ ಹೊಗೆ ಸೇವಿಸಿದರೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಬರಬಹುದು. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಿರಿ. ಸರಿಯಾದ ಮಾಸ್ಕ್ ಧರಿಸಿ, ಗಾಳಿಯಾಡುವ ಕಡೆ ಕೆಲಸ ಮಾಡಿ.

ಪ್ಲೇಟಿಂಗ್‌ಗೆ ಕೊಡುವ ಮುನ್ನ ಭಾಗ ಯಾವುದು, ಅದರ ಗ್ರೇಡ್ ಎಷ್ಟು, ಗಾಡಿ ಓಡುವ ಊರು ಯಾವುದು ಎಂದು ತಿಳಿಸಿ, ಅದಕ್ಕೆ ತಕ್ಕ ದಪ್ಪ ಕೇಳಿ ಪಡೆಯಿರಿ.