ಕುಶಾಲನಗರದ ಪೇಟೆ, ಬೈಲಕುಪ್ಪೆಯ ಗಿರಾಕಿ

ಕುಶಾಲನಗರದಲ್ಲಿ ಬಸ್ಸಿಳಿದವರನ್ನು ಆಟೊದವರು ಮೊದಲು ಕೇಳುವುದೇ ‘ಗೋಲ್ಡನ್ ಟೆಂಪಲ್ಲಾ?’ ಎಂದು. ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ. ಕೊಪ್ಪದಿಂದ ಒಳಕ್ಕೆ ತಿರುಗಿದರೆ ಜೋಳದ ಹೊಲ, ಬಣ್ಣ ಮಾಸಿದ ಪ್ರಾರ್ಥನಾ ಧ್ವಜ, ಕೆಂಪು ವಸ್ತ್ರದ ಭಿಕ್ಷುಗಳನ್ನು ಒತ್ತೊತ್ತಾಗಿ ತುಂಬಿಕೊಂಡು ಎದುರಾಗುವ ಆಟೊ. ನಕ್ಷೆಯಲ್ಲಿ ಇದು ಬೈಲಕುಪ್ಪೆ. ಸುತ್ತಲಿನವರ ಬಾಯಲ್ಲಿ ಬರೀ ‘ಕ್ಯಾಂಪು’.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಗಡಿ ದಾಟಿದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಮರ ಕಡಿದು, ಆನೆ ಕಾದು ಜೋಳ ಬೆಳೆದರು. ಆದರೆ ಜೋಳವೊಂದರಿಂದ ಸಂಸಾರ ಸಾಗೀತೆ? ಎಣ್ಣೆ, ಸೋಪು, ಬಟ್ಟೆ, ಗೊಬ್ಬರ, ಎಲ್ಲಕ್ಕೂ ಹೊಳೆಯಾಚೆಯ ಪೇಟೆಯೇ ಗತಿ. ಮುಂದೆ ಸೆರಾ, ನಾಮ್‌ಡ್ರೋಲಿಂಗ್ ಮಠಗಳು ಬೆಳೆದವು. ಸಾವಿರಾರು ಭಿಕ್ಷುಗಳ ಅಡುಗೆಮನೆ ಎಂದರೆ ಮೈದಾ, ತರಕಾರಿಯ ವ್ಯಾಪಾರಿಗೆ ವರ್ಷವಿಡೀ ಸುಗ್ಗಿ.

ನಿರಾಶ್ರಿತರು ಬಂದರೆ ಊರವರ ವ್ಯಾಪಾರ ಕೆಡುತ್ತದೆ ಎಂಬ ಮಾತು ಇಲ್ಲಿ ನಿಲ್ಲದಿರಲು ಇನ್ನೊಂದು ಕಾರಣ ಸ್ವೆಟರ್. ಲೂಧಿಯಾನದಿಂದ ಮಾಲು ತರಿಸಿ, ಚಳಿಗಾಲದಲ್ಲಿ ದೂರದ ನಗರಗಳ ರಸ್ತೆ ಬದಿಯಲ್ಲಿ ಮಾರುವ ಕಸುಬು ಅದು. ಸಂಪಾದನೆ ಅಲ್ಲಿ, ಖರ್ಚು ಇಲ್ಲಿ. ಪಕ್ಕದ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯಲಿಲ್ಲ. ಹಾಗೆಂದು ಎಲ್ಲವೂ ಹಾಲುಜೇನಲ್ಲ. ತುಂಡು ಭೂಮಿಯಿಲ್ಲದ ಸುತ್ತಲಿನ ಹಳ್ಳಿಗನಿಗೆ ಆ 3,000 ಎಕರೆ ಕಣ್ಣಿಗೆ ಚುಚ್ಚಿದರೆ ತಪ್ಪೆನ್ನಲಾಗದು.

1999ರಲ್ಲಿ ಚಿನ್ನದ ಬಣ್ಣದ ಮೂರು ಬೃಹತ್ ಮೂರ್ತಿಗಳ ಮಂದಿರ, ಅಂದರೆ ಆಟೊದವರ ‘ಗೋಲ್ಡನ್ ಟೆಂಪಲ್’, ತೆರೆದ ಮೇಲೆ ಲೆಕ್ಕವೇ ಬದಲಾಯಿತು. ತಾವೇ ಗಿರಾಕಿಗಳಾಗಿದ್ದವರು ಈಗ ಗಿರಾಕಿಗಳನ್ನು ಕರೆತರುವವರಾದರು. ಲಾಡ್ಜು, ಎಳನೀರು, ಆಟೊ, ಎಲ್ಲಕ್ಕೂ ಪಾಲು. ಮಂದಿರದೆದುರಿನ ಹೋಟೆಲಿನಲ್ಲಿ ಅಂತಸ್ತಂತಸ್ತಿನ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ತೆಗೆದರೆ ಭುಸ್ಸೆಂದು ಹಬೆ. ಕೆಂಪು ಚಟ್ನಿಯ ಜೊತೆ ಮೊಮೊ ತಟ್ಟೆಗೆ ಬೀಳುತ್ತದೆ. ತಟ್ಟೆ ತರುವವರ ಕನ್ನಡ ನಮ್ಮ ನಗರದ ಮಕ್ಕಳದಕ್ಕಿಂತ ಚೆನ್ನ.

ಈಗಿನ ಚಿಂತೆ ತಿರುಗುಮುರುಗು. ಓದಿದ ಟಿಬೆಟನ್ ಯುವಕರು ಯುರೋಪು, ಅಮೆರಿಕದ ಹಾದಿ ಹಿಡಿದಿದ್ದಾರೆ. ಅವರ ಹೊಲಗಳನ್ನು ಗುತ್ತಿಗೆಗೆ ಪಡೆದು ಉಳುವವರು ಊರವರು.

ಬೈಲಕುಪ್ಪೆ ಮೈಸೂರಿನಿಂದ ಮಡಿಕೇರಿ ದಾರಿಯಲ್ಲಿ ಸುಮಾರು 80 ಕಿ.ಮೀ. ಫೆಬ್ರುವರಿ–ಮಾರ್ಚ್‌ನಲ್ಲಿ ಬರುವ ಲೋಸರ್ ಹೊಸವರ್ಷದ ದಿನಗಳಲ್ಲಿ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಿ. ಕ್ಯಾಂಪಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.