ಹಲ್ಲಿನ ಡಾಕ್ಟರಿಗೆ ಮತ್ತೆ ಪರೀಕ್ಷೆಯೇ?

ಪ್ರಶ್ನೆ: ನನ್ನ ಸೊಸೆ ಮಂಗಳೂರಿನಲ್ಲಿ ಬಿ.ಡಿ.ಎಸ್. ಓದಿ ಇಲ್ಲೇ ಮಲಾಡಿನಲ್ಲಿ ಕ್ಲಿನಿಕ್ ನಡೆಸುತ್ತಿದ್ದಾಳೆ. ಮಗನಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಅವಳು ಮತ್ತೆ ಪರೀಕ್ಷೆ ಬರೆಯಬೇಕಂತೆ, ಏಕೆ? ಹೊರಗೆ ಓದಿ ಬಂದವರಿಗೆ ಇಲ್ಲೂ ಹೀಗೆಯೇ?
– ಓದುಗರೊಬ್ಬರು, ಮಲಾಡ್

ಉತ್ತರ: ಪದವಿ ಕೊಡುವುದು ವಿಶ್ವವಿದ್ಯಾಲಯ, ರೋಗಿಯ ಬಾಯಿಗೆ ಕೈಹಾಕಲು ಅನುಮತಿ ಕೊಡುವುದು ಆಯಾ ದೇಶದ ನೋಂದಣಿ ಸಂಸ್ಥೆ. ಕರ್ನಾಟಕದ ಪದವಿ ಮುಂಬಯಿಯಲ್ಲಿ ನಡೆದದ್ದು ಎರಡೂ ಕಡೆ 1948ರ ದಂತವೈದ್ಯರ ಕಾಯ್ದೆ ಒಂದೇ ಆದ್ದರಿಂದ. ಬ್ರಿಟನ್ನಿನಲ್ಲಿ ಆ ಅಧಿಕಾರ ಜನರಲ್ ಡೆಂಟಲ್ ಕೌನ್ಸಿಲಿನದು. ಅದರ ಮುಖ್ಯ ದಾರಿ ಓ.ಆರ್.ಇ. ಎಂಬ ಪರೀಕ್ಷೆ.

ಮೊದಲ ಭಾಗದಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ಎರಡು ಪತ್ರಿಕೆಗಳು. ಎರಡನೆಯ ಭಾಗ ಕೈಚಳಕದ್ದು: ಬೊಂಬೆಯ ತಲೆಯಲ್ಲಿ ಕೂಡಿಸಿದ ಹಲ್ಲುಗಳನ್ನು ಕೊರೆದು ತುಂಬಬೇಕು, ರೋಗಿಯ ಪಾತ್ರಧಾರಿಯೊಡನೆ ಮಾತಾಡಬೇಕು, ಚಿಕಿತ್ಸೆಯ ಯೋಜನೆ ಹೇಳಬೇಕು, ಕುರ್ಚಿಯಲ್ಲೇ ಯಾರಾದರೂ ಕುಸಿದರೆ ಏನು ಮಾಡುವಿರೆಂದು ತೋರಿಸಬೇಕು. ಸೀಟುಗಳು ಬೇಗ ತುಂಬುತ್ತವೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಚಿಕಿತ್ಸಾ ಅನುಭವದ ದಾಖಲೆಗಳನ್ನು ಸೊಸೆ ಇಲ್ಲಿಂದಲೇ ಸಿದ್ಧಪಡಿಸಿಕೊಳ್ಳಲಿ.

ಅಮೆರಿಕದ ದಾರಿ ಇನ್ನೂ ಉದ್ದ. ಅಲ್ಲಿ ಐ.ಎನ್.ಬಿ.ಡಿ.ಇ. ಎಂಬ ಪರೀಕ್ಷೆ ಪಾಸಾದರೂ ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಕಾಲೇಜಿನಲ್ಲಿ ಎರಡು–ಮೂರು ವರ್ಷ ಓದಲೇಬೇಕು.

ನಮ್ಮಲ್ಲೂ ಬಾಗಿಲು ತೆರೆದಿಲ್ಲ. ವಿದೇಶದಲ್ಲಿ ದಂತವೈದ್ಯ ಪದವಿ ಪಡೆದ ಭಾರತೀಯರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಎಫ್.ಡಿ.ಎಸ್.ಟಿ. ಎಂಬ ಅರ್ಹತಾ ಪರೀಕ್ಷೆ ನಡೆಸುತ್ತದೆ. 1948ರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ತಂದಿದೆ. ಹಾಗಾಗಿ ವಿದೇಶದ ದಂತ ಕಾಲೇಜಿಗೆ ಮಕ್ಕಳನ್ನು ಸೇರಿಸುವವರು ಫೀಸು ಕಟ್ಟುವ ಮೊದಲೇ ಇಲ್ಲಿನ ಈಗಿನ ನಿಯಮ ವಿಚಾರಿಸುವುದು ಒಳ್ಳೆಯದು.