ಆಮಂತ್ರಣವಿಲ್ಲದ ವಿಜಯಿಗಳು

ಕಾಲೇಜಿಗೆ ಹೋಗುವ ಹುಡುಗರಿರುವ ಮನೆಗಳಲ್ಲಿ ಫುಟ್‌ಬಾಲ್ ಎಂಬ ಮಾತು ದಿನಕ್ಕೆ ಹತ್ತು ಬಾರಿಯಾದರೂ ಹಿರಿಯರ ಕಿವಿಗೆ ಬೀಳುವುದುಂಟು. ಆದರೆ ಅಮೆರಿಕದವರು ಆ ಹೆಸರಿನಿಂದ ಕರೆಯುವ ಆಟವು ನಮ್ಮ ಹುಡುಗರು ಆಡುವ ಆಟವಲ್ಲ. ಅಲ್ಲಿಯ ಚೆಂಡು ಮೊಟ್ಟೆಯಾಕಾರದ್ದು. ಎರಡು ತುದಿಗಳೂ ಚೂಪು. ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಬಯಲಿನ ಉದ್ದ 100 ಗಜ. ಪಕ್ಷವೊಂದಕ್ಕೆ 11 ಮಂದಿ. ನಾಲ್ಕು ಪ್ರಯತ್ನಗಳೊಳಗೆ 10 ಗಜವಾದರೂ ಮುಂದೆ ಸಾಗದಿದ್ದರೆ ಚೆಂಡು ಎದುರು ಪಕ್ಷದ ಪಾಲಾಗುವುದು. ಕೊನೆಯ ಗೆರೆಯನ್ನು ದಾಟಿಸಿದರೆ 6 ಅಂಕ. ಅದಕ್ಕೆ ಟಚ್‌ಡೌನ್ ಎಂದು ಹೆಸರು. ಮಲ್ಲಯುದ್ಧವನ್ನೂ ಓಟದ ಪಂದ್ಯವನ್ನೂ ಒಂದೇ ಒರಳಿನಲ್ಲಿ ರುಬ್ಬಿದಂತಹ ಆಟವೆಂದರೆ ವಾಚಕರಿಗೆ ಅರ್ಥವಾದೀತು.

ಈ ಆಟದಲ್ಲಿ 1951ನೆಯ ಇಸವಿಯ ಒಂದು ಕಾಲೇಜು ತಂಡದ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತೇವೆ.

ಎರಡನೆಯ ಮಹಾಯುದ್ಧವು ಮುಗಿದೊಡನೆ ಅಮೆರಿಕದ ಕಾಲೇಜುಗಳು ಒಮ್ಮೆಲೇ ತುಂಬಿಹೋದವು. ರಣರಂಗದಿಂದ ಮರಳಿದ ಯೋಧರಿಗೆ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ಕೊಡುವಂತೆ 1944ರಲ್ಲಿ ಶಾಸನವಾಗಿದ್ದಿತು. ಹೀಗಾಗಿ ಆಟದ ಬಯಲಿನಲ್ಲಿಯೂ ಮೀಸೆ ಚಿಗುರುವ ಬಾಲಕರ ಪಕ್ಕದಲ್ಲಿ ಗುಂಡಿನ ಮಳೆಯನ್ನು ಕಂಡುಬಂದ ಗಂಡಸರು ನಿಂತರು. ಜೆಸುಯಿಟ್ ಪಾದ್ರಿಗಳು ನಡೆಸುವ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡದಲ್ಲಿ ಅಂತಹವನೊಬ್ಬನು ಜೀನೋ ಮಾರ್ಕೆಟಿ. ಯೂರೋಪಿನ ಹಿಮದಲ್ಲಿ ಜರ್ಮನರೊಡನೆ ಕಾದಿ ಬಂದವನು.

ಅದೇ ತಂಡದಲ್ಲಿ ಆಲೀ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪುವರ್ಣದ ಯುವಕರಿದ್ದರು. ಮ್ಯಾಟ್ಸನನು ಟೆಕ್ಸಸ್ ಪ್ರಾಂತದವನು. ಟೋಲರನು ಮೆಂಫಿಸ್ ನಗರದವನು. ಈ ಇಬ್ಬರೂ ಮೊದಲು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಿಟಿ ಕಾಲೇಜಿನಲ್ಲಿ ಓದುತ್ತ, 1948ರಲ್ಲಿ ಅದರ ತಂಡವು ಆಡಿದ 12 ಪಂದ್ಯಗಳಲ್ಲಿಯೂ ಜಯಗಳಿಸುವುದಕ್ಕೆ ನೆರವಾಗಿದ್ದರು. ಶಿಕ್ಷಕನಾದ ಜೋ ಕುಹಾರಿಕ್ ಎಂಬಾತನು ಬಹಳ ಕಟ್ಟುನಿಟ್ಟಿನವನು.

1951ರಲ್ಲಿ ಈ ತಂಡವು 9 ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದಿತು. ನ್ಯೂಯಾರ್ಕಿಗೆ ಹೋಗಿ ಫೋರ್ಡ್‌ಹ್ಯಾಮ್ ತಂಡವನ್ನು 32-26ರಿಂದ ಸೋಲಿಸಿದುದು ಇವುಗಳಲ್ಲಿ ಅತ್ಯಂತ ಕಷ್ಟದ ಗೆಲವು. ಅಂದು ಎದುರು ಪಕ್ಷದವರು ಒದ್ದ ಚೆಂಡನ್ನು ಮ್ಯಾಟ್ಸನನು ತನ್ನ ಗೆರೆಯ ಸಮೀಪದಲ್ಲಿ ಹಿಡಿದು, ಬಯಲನ್ನೆಲ್ಲ ದಾಟಿ ಓಡಿದನು; ಹಾಗೆ ಒಂದು ಸಲವಲ್ಲ, ಎರಡು ಸಲ! ಆ ಋತುವಿನಲ್ಲಿ ಅವನು ಓಡಿ ಗಳಿಸಿದುದು 1,566 ಗಜ, ಟಚ್‌ಡೌನುಗಳು 21. ಓಟದ ಗಜಗಳಲ್ಲಿ ಇಡೀ ದೇಶಕ್ಕೆ ಅವನೇ ಮೊದಲಿಗನು. ಕಾಲೇಜ್ ಆಫ್ ದಿ ಪೆಸಿಫಿಕ್ ತಂಡವು ಬಲವಾದುದೆಂದು ಹೆಸರಾಗಿತ್ತು. ಅದು 47-14ರಿಂದ ಸೋತಿತು. ಕೊನೆಯ ಪಂದ್ಯದಲ್ಲಿ ಲೊಯೋಲಾ ತಂಡಕ್ಕೆ ದೊರೆತುದು ಎರಡೇ ಅಂಕ.

ಋತುವು ಮುಗಿದ ಮೇಲೆ ಹೊಸ ವರ್ಷದ ದಿನದ ಸುಮಾರಿಗೆ ಬೌಲ್ ಎಂಬ ಮಹಾಪಂದ್ಯಗಳು ನಡೆಯುವುದು ಅಲ್ಲಿಯ ರೂಢಿ. ಗೆದ್ದವರಿಗೆ ಕರೆ ಬರುವುದು. ಕರೆಯೊಡನೆ ಹಣವೂ ಬರುವುದು. ಈ ಕಾಲೇಜಿಗೆ ಹಣದ ಅವಶ್ಯಕತೆಯು ಅತಿಯಾಗಿದ್ದಿತು, ಏಕೆಂದರೆ ಆಟದ ಖರ್ಚು ಆದಾಯವನ್ನು ಮೀರಿ ಸಾಲವಾಗಿ ಬೆಳೆದಿತ್ತು. ಆದರೆ ದಕ್ಷಿಣ ಪ್ರಾಂತಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಬಯಲಿನಲ್ಲಿ ಆಡುವುದನ್ನು ಸಹಿಸದವರು ಹೇರಳವಾಗಿದ್ದ ಕಾಲವದು. ಮ್ಯಾಟ್ಸನ್, ಟೋಲರ್ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬರುವುದಾದರೆ ತಂಡಕ್ಕೆ ಸ್ವಾಗತವುಂಟೆಂಬ ಸೂಚನೆ ಬಂದಿತೆಂದು ಆಟಗಾರರು ಮುಂದೆ ಹೇಳಿರುವರು. ಊಟಕ್ಕೆ ಕರೆಯುತ್ತೇವೆ, ಆದರೆ ನಿಮ್ಮ ಮನೆಯ ಇಬ್ಬರು ಮಕ್ಕಳು ಪಂಕ್ತಿಯಲ್ಲಿ ಕೂಡದು ಎಂದಂತೆ. ನಮ್ಮ ವಾಚಕರಲ್ಲಿ ಈ ಬಗೆಯ ಪಂಕ್ತಿಯನ್ನು ಕಣ್ಣಾರೆ ಕಾಣದವರು ವಿರಳವೆಂದೇ ನಾವು ಭಾವಿಸುತ್ತೇವೆ.

ತಂಡದ ಉತ್ತರ ಒಂದೇ: ಹೋಗುವುದಿದ್ದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ.

ಎದುರಾಳಿಗಳು ದುರ್ಬಲರಾಗಿದ್ದುದರಿಂದ ಈ ತಂಡವನ್ನು ಕರೆಯಲಿಲ್ಲವೆಂಬ ಮಾತೂ ಆಗ ಕೇಳಿಬಂದಿತು. ಆದರೆ ಇವರಿಂದ 33 ಅಂಕಗಳ ಅಂತರದಲ್ಲಿ ಸೋತ ಪೆಸಿಫಿಕ್ ತಂಡಕ್ಕೆ ಸನ್ ಬೌಲ್ ಪಂದ್ಯದ ಕರೆ ಬಂದುದನ್ನು ಕಂಡರೆ ಆ ಸಮಾಧಾನವು ನಮಗೆ ರುಚಿಸುವುದಿಲ್ಲ.

ಫಲವೇನಾಯಿತು? ಹಣ ಬರಲಿಲ್ಲ, ಕಾಲೇಜು ಫುಟ್‌ಬಾಲನ್ನೇ ಕೈಬಿಟ್ಟಿತು. ಒಂದು ಪಂದ್ಯವನ್ನೂ ಸೋಲದ ತಂಡವು ಗೆದ್ದ ವರ್ಷದಲ್ಲಿಯೇ ಚದರಿಹೋಯಿತು. ಸೇಂಟ್ ಮೇರೀಸ್, ಸ್ಯಾಂಟಾ ಕ್ಲಾರಾ ಮೊದಲಾದ ನೆರೆಯ ಕಾಲೇಜುಗಳೂ ಸುಮಾರು ಅದೇ ಕಾಲದಲ್ಲಿ ಖರ್ಚನ್ನು ತಾಳಲಾರದೆ ಆಟವನ್ನು ನಿಲ್ಲಿಸಿದುವು.

ಚದರಿದವರು ಮಾತ್ರ ಮಂಕಾಗಲಿಲ್ಲ. ಮ್ಯಾಟ್ಸನನು 1952ರ ಹೆಲ್ಸಿಂಕಿ ಒಲಿಂಪಿಕ್ ಪಂದ್ಯಗಳಲ್ಲಿ 400 ಮೀಟರ್ ಓಟದಲ್ಲಿ ಕಂಚನ್ನೂ ರಿಲೇ ಓಟದಲ್ಲಿ ಬೆಳ್ಳಿಯನ್ನೂ ತಂದನು. 1959ರಲ್ಲಿ ವೃತ್ತಿ ತಂಡವೊಂದು ಅವನೊಬ್ಬನಿಗೆ ಬದಲಾಗಿ ಒಂಬತ್ತು ಮಂದಿಯನ್ನು ತೆತ್ತಿತು! ಅವನೂ ಮಾರ್ಕೆಟಿಯೂ, ಬಾಬ್ ಸೇಂಟ್ ಕ್ಲೇರ್ ಎಂಬುವನೂ ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರವನ್ನು ಸೇರಿದರು. ಈ ತಂಡದ ಸಮಾಚಾರವನ್ನು ಪತ್ರಿಕೆಗಳಿಗೆ ಬರೆದು ಕಳುಹಿಸುತ್ತಿದ್ದ ಪೀಟ್ ರೋಜೆಲ್ ಎಂಬ ತರುಣನು 1960ರಿಂದ 1989ರವರೆಗೆ ವೃತ್ತಿ ಫುಟ್‌ಬಾಲ್ ಸಂಘದ ಮುಖ್ಯಾಧಿಕಾರಿಯಾಗಿದ್ದನು.

ಟೋಲರನ ಗತಿ ಬೇರೆಯಾಯಿತು. 1952ರಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು, ವೃತ್ತಿ ತಂಡದಲ್ಲಿ ಒಂದು ಪಂದ್ಯವನ್ನಾದರೂ ಆಡುವ ಮೊದಲೇ ಅವನ ಆಟ ಮುಗಿಯಿತು. ಅವನು ಉಪಾಧ್ಯಾಯನಾದನು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿಯೇ ಶಾಲೆಯ ಮುಖ್ಯೋಪಾಧ್ಯಾಯನಾದನು. ಬಾಳೆಲ್ಲ ಸೀಮೆಸುಣ್ಣದೊಡನೆ ಕಳೆದ ನಮಗೆ ಈ ಕಥೆಯಲ್ಲಿ ಇವನ ಮೇಲೆಯೇ ಪಕ್ಷಪಾತವೆಂದರೆ ವಾಚಕರು ಕ್ಷಮಿಸಬೇಕು. 1965ರಲ್ಲಿ ಅವನು ವೃತ್ತಿ ಫುಟ್‌ಬಾಲಿನ ಪಂದ್ಯಾಧಿಕಾರಿಯಾಗಿ ನೇಮಕಗೊಂಡನು. ಆ ಸ್ಥಾನವನ್ನೇರಿದ ಕಪ್ಪುವರ್ಣದವರಲ್ಲಿ ಮೊದಲಿಗನು ಅವನೇ. ವಾರವೆಲ್ಲ ಮಕ್ಕಳಿಗೆ ಶಿಸ್ತು, ಭಾನುವಾರ ದೈತ್ಯರಂತಹ ಗಂಡಸರಿಗೆ ಶಿಸ್ತು!

2006ರಲ್ಲಿ ವಿಶ್ವವಿದ್ಯಾಲಯವು ಆ ತಂಡದಲ್ಲಿ ಉಳಿದಿದ್ದವರಿಗೆ ಗೌರವ ಪದವಿಯನ್ನಿತ್ತಿತು. ಟೋಲರನು 2009ರಲ್ಲಿ, ಮ್ಯಾಟ್ಸನನು 2011ರಲ್ಲಿ ತೀರಿಕೊಂಡರು. ಅಲ್ಲಿಯ ವಿದ್ಯಾರ್ಥಿನಿಲಯವೊಂದಕ್ಕೆ ಜೇಮ್ಸ್ ಫೀಲನ್ ಎಂಬ ರಾಜಕಾರಣಿಯ ಹೆಸರಿದ್ದಿತು. ಕ್ಯಾಲಿಫೋರ್ನಿಯಾ ಬಿಳಿಯರದಾಗಿಯೇ ಉಳಿಯಲೆಂದು 1920ರ ಚುನಾವಣೆಯಲ್ಲಿ ಘೋಷಿಸಿದವನು ಅವನು. 2017ರಲ್ಲಿ ಆ ಹೆಸರನ್ನು ತೆಗೆದು ಬರ್ಲ್ ಟೋಲರನ ಹೆಸರನ್ನಿಟ್ಟರು.